ದಾದಿಯರಿಗೆ ತಾಗದ ರೋಗ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಹಿರಿಯರು ಇದನ್ನು ಮಕ್ಕಳಿಗೆ ಎಲೆಯ ಮುಂದೆ ಕುಳಿತಾಗಲೂ ಹೇಳುತ್ತಿದ್ದರು, ಜಗಲಿಯ ಮೇಲೆ ಕಾದಾಡುವಾಗಲೂ ಹೇಳುತ್ತಿದ್ದರು. ಆದರೆ ಗಾದೆ ಬಾಯಿಬಿಟ್ಟು ಹೇಳದೆ ಉಳಿಸಿದ ಒಂದು ಅಂಶವಿದೆ. ಊಟ ಬಲ್ಲವನಾಗಬೇಕಾದರೆ ಊಟವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿರಬೇಕು; ಮಾತು ಬಲ್ಲವನಾಗಬೇಕಾದರೆ ಆಡಿದ ಮಾತನ್ನು ಕೇಳುವ ಕಿವಿಯೊಂದು ಎದುರಿಗಿರಬೇಕು. ಇವೆರಡೂ ಇಲ್ಲದ ಜನ ಎಲ್ಲ ಕಾಲದಲ್ಲಿಯೂ, ಎಲ್ಲ ದೇಶದಲ್ಲಿಯೂ ಇದ್ದಾರೆ. ಅವರಲ್ಲಿ ಮನೋರೋಗಿಗಳು ಮುಖ್ಯರಾದವರು. ಮನೋರೋಗಿಗೂ ಒಂದು ಮೈ ಇದೆ, ಆ ಮೈಗೂ ರೋಗ ಬರುತ್ತದೆ ಎಂಬ ಸರಳವಾದ ಸಂಗತಿಯನ್ನು ಲೋಕ ಎಷ್ಟು ಸಲೀಸಾಗಿ ಮರೆಯುತ್ತದೆ, ಯಾರೋ ಒಬ್ಬರು ನೆನಪಿಟ್ಟುಕೊಂಡು ನೋಡಿದಾಗ ಏನೆಲ್ಲ ಕಾಣುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಒಂದು ನಿದರ್ಶನವಿದೆ. ಅದನ್ನು ಇಲ್ಲಿ ನಿರೂಪಿಸಬೇಕೆಂದಿದ್ದೇನೆ.

ಆ ರೋಗದ ಹೆಸರು ಪೆಲಾಗ್ರ. ಸ್ಪೇನ್ ದೇಶದ ಉತ್ತರ ಭಾಗದ ಅಸ್ಟೂರಿಯಸ್ ಎಂಬ ಬೆಟ್ಟಗಾಡಿನಲ್ಲಿ ಗಾಸ್ಪರ್ ಕಸಾಲ್ ಎಂಬ ವೈದ್ಯ ಇದನ್ನು 1735ರಲ್ಲಿ ಮೊದಲು ಗುರುತಿಸಿದನು. ಬಿಸಿಲಿಗೆ ತೆರೆದ ಅಂಗಗಳಲ್ಲಿ, ಅಂದರೆ ಕೈಯ ಹಿಂಬದಿಯಲ್ಲಿ, ಪಾದದ ಮೇಲೆ, ಕುತ್ತಿಗೆಯ ಸುತ್ತ, ಚರ್ಮ ಸುಟ್ಟಂತೆ ಕೆಂಪಾಗಿ, ಬಳಿಕ ಕಪ್ಪಾಗಿ ಒರಟಾಗಿ ಸುಲಿಯುತ್ತಿತ್ತು. ಕುತ್ತಿಗೆಯ ಸುತ್ತ ಹಾರ ತೊಡಿಸಿದಂತೆ ಕಾಣುವ ಆ ಗುರುತಿಗೆ ಇಂದಿಗೂ ಕಸಾಲನ ಕಂಠಹಾರವೆಂದೇ ಹೆಸರು. ಚರ್ಮದ ನಂತರ ಹೊಟ್ಟೆ ಕೆಡುತ್ತಿತ್ತು; ಭೇದಿ ನಿಲ್ಲುತ್ತಿರಲಿಲ್ಲ. ಅದರ ನಂತರ ಮನಸ್ಸು. ನಿದ್ರೆ ಹೋಗುವುದು, ಕಾರಣವಿಲ್ಲದ ದುಃಖ, ಭ್ರಮೆ, ಚಿತ್ತವೈಕಲ್ಯ, ಕೊನೆಗೆ ಮರಣ. 1771ರಲ್ಲಿ ಮಿಲಾನಿನ ವೈದ್ಯ ಫ್ರಾಂಚೆಸ್ಕೊ ಫ್ರಾಪೊಲಿ ಆ ಸೀಮೆಯ ರೈತರ ಬಾಯಲ್ಲಿದ್ದ ಹೆಸರನ್ನೇ ಗ್ರಂಥಕ್ಕೆ ಏರಿಸಿದನು. ಪೆಲಾಗ್ರ ಎಂದರೆ ಒರಟು ಚರ್ಮ.

ಈ ರೋಗ ಎಲ್ಲಿ ಹೋದರೂ ಒಂದು ಧಾನ್ಯದ ಬೆನ್ನು ಹಿಡಿದೇ ಹೋಯಿತು. ಅದು ನಾವು ಮುಸುಕಿನ ಜೋಳ, ಗೋವಿನಜೋಳ, ಮೆಕ್ಕೆಜೋಳ ಎಂದು ನಾನಾ ಹೆಸರುಗಳಿಂದ ಕರೆಯುವ ಧಾನ್ಯ. ಕೊಲಂಬಸನ ಯಾನಗಳ ನಂತರ ಅಮೆರಿಕದಿಂದ ಯೂರೋಪಿಗೆ ಬಂದ ಈ ಬೆಳೆ ಬಡವರ ಹೊಟ್ಟೆ ತುಂಬಿಸಿತು. ಕ್ರಮೇಣ ಬಡವರ ತಟ್ಟೆಯಲ್ಲಿ ಬೇರೇನೂ ಇಲ್ಲದಂತಾಯಿತು. ಮಹಾಕವಿ ಗಯಟೆ 1786ರಲ್ಲಿ ಆಲ್ಪ್ಸ್ ದಾಟಿ ಇಟಲಿಗೆ ಇಳಿಯುವಾಗ ಅಲ್ಲಿಯ ಹಳ್ಳಿಗರ ಕಳೆಗುಂದಿದ ಮುಖಗಳನ್ನು ಕಂಡು, ಅದಕ್ಕೆ ಅವರು ತಿನ್ನುವ ಮುಸುಕಿನ ಜೋಳದ ಅಂಬಲಿಯೇ ಮುಂತಾದುವೇ ಕಾರಣವಿರಬೇಕೆಂದು ತನ್ನ ಪ್ರವಾಸಕಥನದಲ್ಲಿ ಬರೆದಿದ್ದಾನೆ. ಕವಿಯ ಕಣ್ಣು ಒಮ್ಮೊಮ್ಮೆ ವೈದ್ಯರ ಕಣ್ಣಿಗಿಂತ ಮುಂದಿರುತ್ತದೆ. ಉತ್ತರ ಇಟಲಿಯ ಹುಚ್ಚಾಸ್ಪತ್ರೆಗಳು ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಈ ರೋಗಿಗಳಿಂದ ತುಂಬಿದ್ದುವು. ಅಲ್ಲಿಯ ಪಂಡಿತರಲ್ಲಿ ಪ್ರಬಲನಾದ ಚೆಸಾರೆ ಲೊಂಬ್ರೋಸೊ, ಕೆಟ್ಟ ಜೋಳದಲ್ಲಿ ಹುಟ್ಟುವ ವಿಷವೇ ಇದಕ್ಕೆ ಕಾರಣವೆಂದು ಕೊನೆಯವರೆಗೂ ವಾದಿಸಿದನು.

ಅಮೆರಿಕದ ವೈದ್ಯರು ಮಾತ್ರ ಇದು ಯೂರೋಪಿನ ಬಡ ರೈತರ ರೋಗ, ನಮ್ಮಲ್ಲಿಲ್ಲ ಎಂದು ಬಹಳ ಕಾಲ ನೆಮ್ಮದಿಯಿಂದಿದ್ದರು. ಆ ನೆಮ್ಮದಿ ಒಡೆದದ್ದು 1906ರಲ್ಲಿ, ಅದೂ ಒಂದು ಮನೋರೋಗಿಗಳ ಆಸ್ಪತ್ರೆಯಲ್ಲಿ. ಅಲಬಾಮ ಸಂಸ್ಥಾನದ ಮೌಂಟ್ ವರ್ನನ್ ಎಂಬಲ್ಲಿ ಕಪ್ಪು ಜನರಿಗಾಗಿ ಇದ್ದ ಆಸ್ಪತ್ರೆ ಅದು. ಆ ಬೇಸಗೆಯಲ್ಲಿ 88 ಮಂದಿ ರೋಗಿಗಳಿಗೆ ಮೈ ಸುಲಿಯಿತು. ಅವರಲ್ಲಿ 57 ಮಂದಿ ಸತ್ತರು. ಜಾರ್ಜ್ ಸರ್ಸಿ ಎಂಬ ವೈದ್ಯ ಮರುವರ್ಷ ಇದನ್ನು ಪ್ರಕಟಿಸಿದಾಗ ಉಳಿದ ಆಸ್ಪತ್ರೆಗಳವರೂ ತಮ್ಮ ವಾರ್ಡುಗಳನ್ನು ಹೊಸ ಕಣ್ಣಿನಿಂದ ನೋಡಿದರು. ರೋಗ ಹಲವು ಕಡೆಗಳಲ್ಲಿ ಆಗಲೇ ಮನೆಮಾಡಿತ್ತು. ಹುಚ್ಚಿನ ಲಕ್ಷಣವೆಂದೋ, ಕೊಳಕಿನಿಂದಾದ ಚರ್ಮರೋಗವೆಂದೋ, ಹೆಸರಿಲ್ಲದ ಸವಕಳಿಯೆಂದೋ ಅದನ್ನು ಬರೆದಿಟ್ಟು ಸುಮ್ಮನಾಗಿದ್ದರು, ಅಷ್ಟೇ. ದಕ್ಷಿಣ ಕೆರೊಲಿನದ ಮನೋರೋಗಾಲಯದ ಅಧಿಕಾರಿ ಜೇಮ್ಸ್ ಬ್ಯಾಬ್‌ಕಾಕ್ ತನ್ನ ರೋಗಿಗಳಲ್ಲಿ ಇದನ್ನು ಕಂಡು, ಸಂಶಯ ಪರಿಹಾರಕ್ಕಾಗಿ 1908ರಲ್ಲಿ ಇಟಲಿಗೇ ಹೋಗಿ ಅಲ್ಲಿಯ ರೋಗಿಗಳನ್ನು ಕಣ್ಣಾರೆ ನೋಡಿಬಂದನು. ಎರಡೂ ಒಂದೇ ರೋಗವಾಗಿತ್ತು.

ಆದರೆ ಕಾರಣವೇನು? ಅದು ಕ್ರಿಮಿಗಳ ಯುಗ. ಪಾಸ್ಚರ್, ಕೋಖ್ ಮೊದಲಾದವರ ವಿಜಯಗಳು ಇನ್ನೂ ಹೊಸದಾಗಿದ್ದುವು. ಪ್ರತಿಯೊಂದು ರೋಗದ ಹಿಂದೆಯೂ ಒಂದು ಕ್ರಿಮಿಯನ್ನು ಹುಡುಕುವುದು ಅಂದಿನ ವೈದ್ಯರಿಗೆ ಸಹಜವಾಗಿತ್ತು. ಇಲಿನಾಯ್ ಸಂಸ್ಥಾನದ ಒಂದು ಆಯೋಗ, ಆಮೇಲೆ 1912ರಲ್ಲಿ ದಕ್ಷಿಣ ಕೆರೊಲಿನದ ಸ್ಪಾರ್ಟನ್‌ಬರ್ಗ್ ಊರಿನಲ್ಲಿ ಕೆಲಸಕ್ಕೆ ತೊಡಗಿದ ಮತ್ತೊಂದು ಆಯೋಗ, ಎರಡೂ ಇದನ್ನು ಅಂಟುರೋಗವೆಂಬ ಕಡೆಗೇ ಒಲಿದುವು. ಜನ ಹೆದರಿದರು. ಪೆಲಾಗ್ರ ಬಂದವರನ್ನು ಕುಷ್ಠರೋಗಿಗಳಂತೆ ದೂರವಿಡತೊಡಗಿದರು. ಹುಚ್ಚನೆಂಬ ಹೆಸರು ಹೊತ್ತವನಿಗೆ ಅಂಟುರೋಗಿಯೆಂಬ ಇನ್ನೊಂದು ಹೆಸರೂ ಸೇರಿತು.

ಈ ಸ್ಥಿತಿಯಲ್ಲಿ, 1914ರ ಆರಂಭದಲ್ಲಿ, ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆ ಈ ಕೆಲಸಕ್ಕೆ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯನನ್ನು ನೇಮಿಸಿತು. ಆತ ಯಹೂದಿ. ಅಂದಿನ ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯದ ಒಂದು ಹಳ್ಳಿಯಲ್ಲಿ 1874ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆತಾಯಿಗಳೊಡನೆ ಅಮೆರಿಕಕ್ಕೆ ವಲಸೆ ಬಂದು, ನ್ಯೂಯಾರ್ಕಿನ ಬಡ ಕೇರಿಯಲ್ಲಿ ಬೆಳೆದವನು. ಅಂಟುರೋಗಗಳ ಹಿಂದೆ ಊರೂರು ಅಲೆಯುತ್ತಾ ತಾನೇ ಹಳದಿಜ್ವರ, ಡೆಂಗೆ, ಟೈಫಸ್ ಜ್ವರಗಳಿಂದ ನರಳಿ ಬದುಕಿಬಂದವನು. ಅಂಟುರೋಗವೆಂದರೇನೆಂದು ಆತನಿಗೆ ಮೈಯನುಭವದಿಂದಲೇ ತಿಳಿದಿತ್ತು ಎನ್ನಬಹುದು.

ಗೋಲ್ಡ್‌ಬರ್ಗರ್ ಮೊದಲು ಮಾಡಿದ್ದು ಪ್ರಯೋಗಶಾಲೆಯ ಕೆಲಸವಲ್ಲ. ದಕ್ಷಿಣ ಸಂಸ್ಥಾನಗಳ ಮನೋರೋಗಾಲಯಗಳನ್ನೂ ಅನಾಥಾಲಯಗಳನ್ನೂ ಸುತ್ತಿ, ಸುಮ್ಮನೆ ನಿಂತು ನೋಡಿದನು. ಜಾರ್ಜಿಯ ಸಂಸ್ಥಾನದ ಮಿಲೆಜ್‌ವಿಲ್ ಊರಿನಲ್ಲಿ ಸಾವಿರಾರು ರೋಗಿಗಳಿದ್ದ ದೊಡ್ಡ ಮನೋರೋಗಾಲಯವೊಂದಿತ್ತು. ಅಲ್ಲಿ ಅವನ ಕಣ್ಣಿಗೆ ಬಿದ್ದ ಸಂಗತಿ ಇಷ್ಟೇ: ರೋಗಿಗಳಿಗೆ ಪೆಲಾಗ್ರ ಬರುತ್ತಿತ್ತು, ದಾದಿಯರಿಗೂ ಕಾವಲಿನವರಿಗೂ ಬರುತ್ತಿರಲಿಲ್ಲ. ಅವರು ಅದೇ ಕಟ್ಟಡದಲ್ಲಿದ್ದರು, ಅದೇ ಗಾಳಿಯನ್ನು ಉಸಿರಾಡುತ್ತಿದ್ದರು, ಹಗಲಿರುಳು ರೋಗಿಗಳನ್ನು ಮುಟ್ಟಿ, ತೊಳೆದು, ಎತ್ತಿ ಮಲಗಿಸುತ್ತಿದ್ದರು. ಅಂಟುರೋಗಕ್ಕೆ ಸಂಬಳದ ಪಟ್ಟಿಯನ್ನು ನೋಡಿ ಅಂಟುವ ಬುದ್ಧಿ ಎಲ್ಲಿಂದ ಬರಬೇಕು? ಇದು ಅಂಟುರೋಗವಲ್ಲ ಎಂದು ಗೋಲ್ಡ್‌ಬರ್ಗರ್ ನಿಶ್ಚಯಿಸಿದನು.

ಇಬ್ಬರಿಗೂ ಒಂದೇ ಅಡಿಗೆ ಎಂಬ ಮಾತು ಅಲ್ಲಿತ್ತು. ಆದರೆ ಅಡಿಗೆ ಒಂದೇ ಆದರೂ ಬಡಿಸುವುದು ಒಂದೇ ಅಲ್ಲ ಎಂಬುದು ನಮ್ಮ ಸಮಾರಾಧನೆಗಳಲ್ಲಿ ಉಂಡವರಿಗೆ ತಿಳಿಯದ ವಿಷಯವೇನಲ್ಲ. ಮಾಂಸವೋ ಹಾಲೋ ಇದ್ದಷ್ಟನ್ನು ಮೊದಲು ಆರಿಸಿಕೊಳ್ಳುವ ಅವಕಾಶ ನೌಕರರಿಗಿತ್ತು. ಸಾಲದಿದ್ದರೆ ಹೊರಗಿನಿಂದ ಕೊಂಡು ತಿನ್ನುವಷ್ಟು ಸಂಬಳವಿತ್ತು, ಹೊರಗೆ ಹೋಗುವುದಕ್ಕೆ ಕಾಲಿತ್ತು. ರೋಗಿಗಳ ಪಾಲಿಗೆ ಉಳಿದದ್ದು ಮುಸುಕಿನ ಜೋಳದ ರೊಟ್ಟಿ, ಅದರದೇ ಗಂಜಿ, ಕಾಕಂಬಿ, ಹಂದಿಯ ಕೊಬ್ಬು. ಹೊಟ್ಟೆಯೇನೋ ತುಂಬುತ್ತಿತ್ತು. ತುಂಬಿದ ಹೊಟ್ಟೆಯೂ ಹಸಿದಿರಬಹುದೆಂಬ ಕಲ್ಪನೆ ಆ ಕಾಲಕ್ಕೆ ಹೊಸದು. ಹುಚ್ಚನು ಊಟದ ವಿಷಯದಲ್ಲಿ ಗೊಣಗಿದರೆ ಅದು ಹುಚ್ಚಿನ ಗೊಣಗಾಟವೆಂದೇ ಲೆಕ್ಕ.

ಮಿಸಿಸಿಪಿ ಸಂಸ್ಥಾನದ ಜಾಕ್ಸನ್ ಊರಿನ ಅನಾಥಾಲಯಗಳಲ್ಲಿಯೂ ಅವನು ಇಂಥದೇ ವಿಚಿತ್ರವನ್ನು ಕಂಡನು. ಆರು ವರ್ಷದೊಳಗಿನ ಮಕ್ಕಳಿಗೆ ರೋಗ ಹೆಚ್ಚಾಗಿ ಬರುತ್ತಿರಲಿಲ್ಲ. ಹನ್ನೆರಡು ದಾಟಿದವರಿಗೂ ಬರುತ್ತಿರಲಿಲ್ಲ. ನಡುವಿನ ಮಕ್ಕಳೇ ನರಳುತ್ತಿದ್ದರು. ಎಳೆಯರಿಗೆ ಎಳೆಯರೆಂದು ಹಾಲು ಸಿಗುತ್ತಿತ್ತು. ದೊಡ್ಡವರಿಗೆ ಹೊಲದಲ್ಲಿ ದುಡಿಯುತ್ತಾರೆಂದು ಮಾಂಸ ಸಿಗುತ್ತಿತ್ತು. ನಡುವಿನವರು ಯಾರ ಲೆಕ್ಕದಲ್ಲಿಯೂ ಇರಲಿಲ್ಲ. 1914ರ ಶರತ್ಕಾಲದಲ್ಲಿ ಅವನು ಸರಕಾರದ ಹಣದಿಂದ ಆ ಮಕ್ಕಳಿಗೆ ಹಾಲು, ಮೊಟ್ಟೆ, ಕಾಳು, ಮಾಂಸಗಳನ್ನು ಕೊಡಿಸಿದನು. ಮರುವರ್ಷ ರೋಗ ಹೆಚ್ಚುಕಡಿಮೆ ಮಾಯವಾಯಿತು.

ಮಿಲೆಜ್‌ವಿಲ್ ಮನೋರೋಗಾಲಯದಲ್ಲಿ ಅದೇ ಪರೀಕ್ಷೆಯನ್ನು ಇನ್ನೂ ಬಿಗಿಯಾಗಿ ನಡೆಸಲಾಯಿತು. ಎರಡು ವಾರ್ಡುಗಳನ್ನು ಆರಿಸಿಕೊಂಡರು. ಒಂದು ಬಿಳಿಯ ಹೆಂಗಸರದು, ಇನ್ನೊಂದು ಕಪ್ಪು ಹೆಂಗಸರದು, ಏಕೆಂದರೆ ಹುಚ್ಚಿನಲ್ಲಿಯೂ ಅಲ್ಲಿ ವರ್ಣಭೇದವಿತ್ತು. ಎಲ್ಲರೂ ಹಿಂದೆ ಪೆಲಾಗ್ರದಿಂದ ನರಳಿದವರೇ. ವಸತಿ ಬದಲಾಗಲಿಲ್ಲ, ಕೊಠಡಿಗಳಿಗೆ ಔಷಧ ಸಿಂಪಡಿಸಲಿಲ್ಲ, ಯಾರನ್ನೂ ಪ್ರತ್ಯೇಕವಾಗಿಡಲಿಲ್ಲ. ಬದಲಾದದ್ದು ಊಟ ಮಾತ್ರ. ಜೋಳ ಕಡಿಮೆಯಾಯಿತು, ಹಾಲು, ಮಜ್ಜಿಗೆ, ತಾಜಾ ಮಾಂಸ, ಅವರೆ ಬಟಾಣಿಗಳ ಜಾತಿಯ ಕಾಳುಗಳು ಬಂದುವು. ಒಂದು ವರ್ಷ ಪೂರ್ತಿ ಈ ಊಟ ಉಂಡ 72 ಮಂದಿಯಲ್ಲಿ ಒಬ್ಬರಿಗೂ ರೋಗ ಮರುಕಳಿಸಲಿಲ್ಲ. ಅದೇ ಆಸ್ಪತ್ರೆಯಲ್ಲಿ ಹಳೆಯ ಊಟದಲ್ಲಿಯೇ ಉಳಿದು ಹೋಲಿಕೆಗೆ ಸಿಕ್ಕ ರೋಗಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಅದು ಮರಳಿ ಬಂದಿತು. ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಪರೀಕ್ಷೆ ಮುಗಿದು ಹಣ ನಿಂತು, ಹಳೆಯ ಊಟವೇ ಮರಳಿದ ಕಡೆ ರೋಗವೂ ಮರಳಿತು. ಸತ್ಯ ಸಿದ್ಧವಾಗಿತ್ತು, ಸತ್ಯಕ್ಕೆ ತಗಲುವ ಖರ್ಚನ್ನು ಕೊಡುವವರು ಇರಲಿಲ್ಲ.

ಇಷ್ಟಾದರೂ ಅನೇಕ ವೈದ್ಯರು ಒಪ್ಪಲಿಲ್ಲ. ಒಳ್ಳೆಯ ಊಟದಿಂದ ರೋಗ ಹೋಯಿತೆಂದ ಮಾತ್ರಕ್ಕೆ ಕೆಟ್ಟ ಊಟದಿಂದ ಬಂದಿತೆಂದು ಹೇಗೆ ಹೇಳುತ್ತೀರಿ ಎಂದು ಕೇಳಿದರು. ಅದಕ್ಕೆ ಉತ್ತರವಾಗಿ 1915ರಲ್ಲಿ ಮಿಸಿಸಿಪಿಯ ರ‍್ಯಾಂಕಿನ್ ಸೆರೆಮನೆಯ ತೋಟದಲ್ಲಿ ಆರೋಗ್ಯವಂತರಾದ ಕೈದಿಗಳಿಗೆ, ಬಿಡುಗಡೆಯ ಆಶ್ವಾಸನೆ ಕೊಟ್ಟು, ಬಡವರ ಊಟವನ್ನೇ ತಿಂಗಳುಗಟ್ಟಲೆ ಉಣಿಸಲಾಯಿತು. ಕೊನೆಯವರೆಗೆ ಉಳಿದ 11 ಮಂದಿಯಲ್ಲಿ 6 ಮಂದಿಗೆ ಪೆಲಾಗ್ರ ಕಾಣಿಸಿಕೊಂಡಿತು. ಸ್ವಾತಂತ್ರ್ಯವನ್ನು ಬೆಲೆಯಾಗಿ ತೋರಿಸಿ ಸೆರೆಯವನ ಒಪ್ಪಿಗೆ ಪಡೆಯುವುದು ಎಷ್ಟರ ಮಟ್ಟಿಗೆ ಒಪ್ಪಿಗೆ ಎಂಬ ಪ್ರಶ್ನೆಯನ್ನು ಇಂದು ನಾವು ಕೇಳಲೇಬೇಕು. ಗೋಲ್ಡ್‌ಬರ್ಗರನ ಪರವಾಗಿ ಒಂದು ಮಾತು ಹೇಳಬಹುದು: ಅವನು ತನ್ನ ಮೈಯನ್ನೂ ಹಿಂದಕ್ಕೆ ಸರಿಸಲಿಲ್ಲ. ಅಂಟುರೋಗವೆಂದು ಹಟ ಹಿಡಿದವರ ಬಾಯಿ ಮುಚ್ಚಿಸಲು 1916ರಲ್ಲಿ ಅವನೂ ಅವನ ಸಂಗಡಿಗರೂ ಪೆಲಾಗ್ರ ರೋಗಿಗಳ ರಕ್ತವನ್ನು ತಮ್ಮ ಮೈಗೆ ಚುಚ್ಚಿಸಿಕೊಂಡರು. ಅವರ ಸುಲಿದ ಚರ್ಮದ ಪುಡಿಯನ್ನೂ ಮಲಮೂತ್ರಗಳನ್ನೂ ಹಿಟ್ಟಿನಲ್ಲಿ ಉಂಡೆ ಕಟ್ಟಿ ನುಂಗಿದರು. ಅವನ ಹೆಂಡತಿ ಮೇರಿ ಕೂಡ ಹಟಮಾಡಿ ರೋಗಿಯ ರಕ್ತವನ್ನು ಚುಚ್ಚಿಸಿಕೊಂಡಳು. ಯಾರಿಗೂ ಪೆಲಾಗ್ರ ಬರಲಿಲ್ಲ.

ಆಸ್ಪತ್ರೆಯಿಂದ ಅವನು ಊರಿಗೆ ನಡೆದನು. ಎಡ್ಗರ್ ಸೈಡನ್‌ಸ್ಟ್ರಿಕರ್ ಎಂಬ ಅರ್ಥಶಾಸ್ತ್ರಜ್ಞನನ್ನು ಜೊತೆಗೆ ಕರೆದುಕೊಂಡು, ದಕ್ಷಿಣ ಕೆರೊಲಿನದ ಹತ್ತಿಗಿರಣಿಗಳ ಹಳ್ಳಿಗಳಲ್ಲಿ ಮನೆಮನೆಯ ವರಮಾನವನ್ನೂ ಊಟವನ್ನೂ ಲೆಕ್ಕ ಹಾಕಿದನು. ವರಮಾನ ಇಳಿದಂತೆ ರೋಗ ಏರುತ್ತಿತ್ತು. ಎಲ್ಲ ನೆಲದಲ್ಲಿಯೂ ಹತ್ತಿಯನ್ನೇ ಬೆಳೆದು, ಹಸುವಿಗೂ ಕಾಯಿಪಲ್ಯಕ್ಕೂ ಜಾಗವಿಲ್ಲದಂತೆ ಮಾಡಿದ ಒಂದು ಆರ್ಥಿಕ ವ್ಯವಸ್ಥೆ ಜನರ ಚರ್ಮದ ಮೇಲೆ ಬರೆದ ಬರವಣಿಗೆ ಪೆಲಾಗ್ರ ಎಂಬುದು ಸ್ಪಷ್ಟವಾಯಿತು. ಇದನ್ನು ಕೇಳಿ ದಕ್ಷಿಣದ ರಾಜಕಾರಣಿಗಳು ಕೆರಳಿದರು. ನಮ್ಮ ಸೀಮೆಯಲ್ಲಿ ಹಸಿವಿದೆಯೆಂದು ಹೇಳುವುದು ಅವಮಾನವೆಂದರು. ಹಸಿವಿಗಿಂತ ಹಸಿವಿನ ಸುದ್ದಿಯೇ ಹೆಚ್ಚು ನೋಯಿಸುವುದು ಆಳುವವರ ಹಳೆಯ ರೋಗ. ಅದಕ್ಕೆ ಮಾತ್ರ ಇನ್ನೂ ಮದ್ದು ಸಿಕ್ಕಿಲ್ಲ.

ಊಟದಲ್ಲಿ ಕೊರೆಯಾದ ಆ ವಸ್ತು ಯಾವುದೆಂದು ಗೋಲ್ಡ್‌ಬರ್ಗರನಿಗೆ ಕೊನೆಗೂ ತಿಳಿಯಲಿಲ್ಲ. ಆದರೆ ಅಗ್ಗವಾದ ಒಣ ಯೀಸ್ಟಿನಲ್ಲಿ ಅದು ಹೇರಳವಾಗಿದೆಯೆಂಬುದನ್ನು ಕಂಡುಹಿಡಿದನು. 1927ರಲ್ಲಿ ಮಿಸಿಸಿಪಿ ನದಿ ಉಕ್ಕಿ ಲಕ್ಷಾಂತರ ಜನ ನಿರಾಶ್ರಿತರಾದಾಗ ಆ ಯೀಸ್ಟನ್ನು ಹಂಚಿ ಬಹಳ ಜನರನ್ನು ರಕ್ಷಿಸಲಾಯಿತು. 1929ರ ಜನವರಿಯಲ್ಲಿ, 54ನೆಯ ವಯಸ್ಸಿನಲ್ಲಿ, ಅವನು ಅರ್ಬುದ ರೋಗದಿಂದ ತೀರಿಕೊಂಡನು. ಎಂಟು ವರ್ಷಗಳ ಬಳಿಕ, 1937ರಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಾನ್ರಾಡ್ ಎಲ್ವೆಜೆಮ್ ಆ ವಸ್ತು ನಿಕೋಟಿನಿಕ್ ಆಮ್ಲವೆಂದು ತೋರಿಸಿದನು. ಇಂದು ನಾವು ಅದನ್ನು ನಯಾಸಿನ್ ಎಂದು, ಬಿ ಗುಂಪಿನ ಒಂದು ವಿಟಮಿನ್ ಎಂದು ಕರೆಯುತ್ತೇವೆ. ಅದನ್ನು ಕೊಟ್ಟ ಕೆಲವೇ ದಿನಗಳಲ್ಲಿ ಪೆಲಾಗ್ರದಿಂದ ಚಿತ್ತ ಕೆಟ್ಟಿದ್ದ ರೋಗಿಗಳು ತಿಳಿಯಾಗಿ ಮಾತಾಡತೊಡಗಿದರು. ಹುಚ್ಚರೆಂದು ಕೂಡಿಹಾಕಿದ್ದವರಲ್ಲಿ ಕೆಲವರಿಗೆ ಬೇಕಾಗಿದ್ದದ್ದು ಒಂದು ಲೋಟ ಹಾಲು, ಒಂದು ಹಿಡಿ ಕಾಳು ಎಂಬ ಮಾತು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಇದರ ಇನ್ನೊಂದು ಮುಖ ಇನ್ನೂ ಕಠೋರವಾದದ್ದು. ಬೇರೆ ಕಾರಣದಿಂದ ಮನಸ್ಸು ಕೆಟ್ಟು ಒಳಗೆ ಬಂದವರಿಗೆ ಆಸ್ಪತ್ರೆಯ ಊಟವೇ ಪೆಲಾಗ್ರ ತಂದು, ಇದ್ದ ಹುಚ್ಚಿಗೆ ಮತ್ತೊಂದು ಹುಚ್ಚನ್ನು ಸೇರಿಸುತ್ತಿತ್ತು.

ಮುಸುಕಿನ ಜೋಳದ ತಪ್ಪೇನು? ಅದರಲ್ಲಿ ನಯಾಸಿನ್ ಇಲ್ಲದೆ ಇಲ್ಲ; ಆದರೆ ನಮ್ಮ ಕರುಳಿಗೆ ದಕ್ಕದಂತೆ ಅದು ಬಂಧಿತವಾಗಿರುತ್ತದೆ. ಟ್ರಿಪ್ಟೊಫ್ಯಾನ್ ಎಂಬ ಪ್ರೋಟೀನಿನ ಅಂಶದಿಂದ ನಮ್ಮ ದೇಹ ತಾನೇ ನಯಾಸಿನ್ ತಯಾರಿಸಿಕೊಳ್ಳಬಲ್ಲದು. ಅದೂ ಈ ಜೋಳದಲ್ಲಿ ಕಡಿಮೆ. ಈ ಬೆಳೆಯ ತವರಾದ ಮೆಕ್ಸಿಕೊದ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಆಮೇಲೆ ಅರೆದು ರೊಟ್ಟಿ ತಟ್ಟುತ್ತಿದ್ದರು. ಸುಣ್ಣ ಆ ಬಂಧನವನ್ನು ಬಿಡಿಸುತ್ತದೆ. ಅವರಿಗೆ ಪೆಲಾಗ್ರ ಬರಲಿಲ್ಲ. ಯೂರೋಪಿನವರು ಬೀಜವನ್ನು ಹಡಗಿಗೆ ಏರಿಸಿಕೊಂಡರು. ಅದನ್ನು ಬೇಯಿಸುತ್ತಿದ್ದ ಹೆಂಗಸರ ತಿಳಿವಳಿಕೆಯನ್ನು ದಡದಲ್ಲಿಯೇ ಬಿಟ್ಟುಬಂದರು.

ಈ ಕಥೆಯ ಒಂದು ಎಳೆ ನಮ್ಮ ದಖ್ಖನಿಗೂ ಚಾಚಿದೆ. ನಮ್ಮ ಬಿಳಿಜೋಳವನ್ನೇ ಉಂಡು ಬದುಕುವ ಬಡ ಕೃಷಿಕೂಲಿಗಳಲ್ಲಿಯೂ ಪೆಲಾಗ್ರ ಕಾಣಿಸಿಕೊಳ್ಳುವುದನ್ನು ಹೈದರಾಬಾದಿನ ಪೋಷಣ ಸಂಶೋಧನಾಲಯದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಅಭ್ಯಾಸಮಾಡಿ 1960ರಲ್ಲಿ ಪ್ರಕಟಿಸಿದರು. ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಂಶ ಇದಕ್ಕೆ ಕಾರಣವಿರಬೇಕೆಂಬ ಅವರ ವಾದದ ಮೇಲೆ ವಿಜ್ಞಾನಿಗಳಲ್ಲಿ ಬಹಳ ಚರ್ಚೆ ನಡೆದಿದೆ. ನಮ್ಮ ಉತ್ತರದ ಜಿಲ್ಲೆಗಳ ಮನೆಗಳಲ್ಲಿ ರೊಟ್ಟಿಯ ಜೊತೆಗೆ ಬೇಳೆ, ಕಾಳುಪಲ್ಯ, ಮೊಸರು, ಶೇಂಗಾ ಚಟ್ನಿ ಇರುತ್ತದೆ. ಆದ್ದರಿಂದ ಅಲ್ಲಿ ರೊಟ್ಟಿ ಬಲವೇ ಹೊರತು ರೋಗವಲ್ಲ. ರೊಟ್ಟಿಯ ಪಕ್ಕ ತಟ್ಟೆ ಬರಿದಾದ ಮನೆಯಲ್ಲಿ ಮಾತ್ರ ಅಪಾಯ.

ಮನೋರೋಗಿಯ ಮೈಯನ್ನು ನೋಡಬೇಕೆಂದ ಕೂಡಲೇ ಅದು ಒಳ್ಳೆಯ ನೋಟವೇ ಆಗುತ್ತದೆಂದು ಭಾವಿಸಬೇಕಾಗಿಲ್ಲ. ಅದೇ ವರ್ಷಗಳಲ್ಲಿ, ಅದೇ ಅಮೆರಿಕದಲ್ಲಿ, ನ್ಯೂಜೆರ್ಸಿಯ ಟ್ರೆಂಟನ್ ಮನೋರೋಗಾಲಯದ ಮುಖ್ಯಸ್ಥನಾಗಿದ್ದ ಹೆನ್ರಿ ಕಾಟನ್, ಹುಚ್ಚೆಲ್ಲವೂ ದೇಹದ ಮೂಲೆಗಳಲ್ಲಿ ಅಡಗಿದ ಕೀವಿನಿಂದ ಬರುತ್ತದೆಂದು ನಂಬಿ, ರೋಗಿಗಳ ಹಲ್ಲುಗಳನ್ನೂ ಗಂಟಲ ಗ್ರಂಥಿಗಳನ್ನೂ ಕೊನೆಗೆ ದೊಡ್ಡ ಕರುಳನ್ನೂ ಕತ್ತರಿಸಿ ತೆಗೆಸಿದನು. ಅನೇಕರು ಶಸ್ತ್ರಕ್ರಿಯೆಯಿಂದಲೇ ಸತ್ತರು. ಇಬ್ಬರೂ ದೇಹವನ್ನೇ ನೋಡಿದವರು. ವ್ಯತ್ಯಾಸವಿಷ್ಟೆ: ಗೋಲ್ಡ್‌ಬರ್ಗರ್ ಕಂಡದ್ದನ್ನು ಪರೀಕ್ಷೆಗೆ ಒಡ್ಡಿದನು, ಹೋಲಿಸಿ ನೋಡಿದನು, ತನ್ನ ಮೈಯನ್ನೇ ಪಣವಾಗಿಟ್ಟನು, ಕಾಟನ್ ತಾನು ನಂಬಿದ್ದನ್ನು ರೋಗಿಗಳ ಮೈಮೇಲೆ ಹೇರಿದನು. ಬೇಡವೆನ್ನುವ ಅವರ ಮಾತಿಗೂ ಅಲ್ಲಿ ಬೆಲೆಯಿರಲಿಲ್ಲ; ಅದೂ ಹುಚ್ಚಿನ ಮಾತೇ ಆಗಿತ್ತು.

ಪೆಲಾಗ್ರ ಈಗ ಅಪರೂಪದ ರೋಗ. ಆದರೆ ಅದು ಎತ್ತಿದ ಪ್ರಶ್ನೆ ಮುಗಿದಿಲ್ಲ. ಮನೋರೋಗಾಲಯಗಳಲ್ಲಿ ಇರುವವರು ಹೊರಗಿನವರಿಗಿಂತ ಹಲವು ಪಟ್ಟು ಹೆಚ್ಚಾಗಿ ಸಾಯುತ್ತಾರೆಂಬುದನ್ನು ಇಂಗ್ಲೆಂಡಿನ ಅಂಕಿಅಂಶ ತಜ್ಞ ವಿಲಿಯಂ ಫಾರ್ 1841ರಲ್ಲಿಯೇ ಲೆಕ್ಕಹಾಕಿ ತೋರಿಸಿದ್ದನು. ಅಂದು ಅವರನ್ನು ಕೊಲ್ಲುತ್ತಿದ್ದದ್ದು ಕ್ಷಯ, ಆಮಶಂಕೆ, ಸವಕಳಿ. ಇಂದು ಹೃದ್ರೋಗ, ಸಕ್ಕರೆ ಕಾಯಿಲೆ, ಶ್ವಾಸಕೋಶದ ರೋಗಗಳು. ತೀವ್ರ ಮನೋರೋಗವಿರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆತ್ಮಹತ್ಯೆಯೇ ಇದಕ್ಕೆಲ್ಲ ಕಾರಣವೆಂದು ಬಹಳ ಜನ ಭಾವಿಸುತ್ತಾರೆ. ಅದು ಒಂದು ಭಾಗ ಮಾತ್ರ. ಹೆಚ್ಚಿನವು ತಡೆಯಬಹುದಾದ, ಮೈಯ ರೋಗಗಳಿಂದಾಗುವ ಸಾವುಗಳು. ಬೀಡಿ ಸಿಗರೇಟು ಅವರಲ್ಲಿ ಹೆಚ್ಚು, ಬಡತನ ಹೆಚ್ಚು, ಮನಸ್ಸನ್ನು ಸ್ಥಿಮಿತದಲ್ಲಿಡುವ ಔಷಧಗಳಲ್ಲಿ ಕೆಲವು ಮೈ ಬೊಜ್ಜು ಬೆಳೆಸಿ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಹಾಗೆಂದು ಆ ಔಷಧಗಳನ್ನು ತಾವಾಗಿಯೇ ಬಿಡುವುದು ಇನ್ನೂ ದೊಡ್ಡ ಅಪಾಯ. ಬೇಕಾದದ್ದು ಅವುಗಳ ಜೊತೆಗೆ ತೂಕ, ರಕ್ತದೊತ್ತಡ, ಸಕ್ಕರೆಗಳನ್ನು ಕಾಲಕಾಲಕ್ಕೆ ನೋಡುವ ಒಂದು ಕಣ್ಣು. ಇವೆಲ್ಲಕ್ಕೂ ಮೇಲೆ ಒಂದು ಕಾರಣವಿದೆ. ಮನೋರೋಗಿ ಎದೆನೋವೆಂದರೆ ಎದೆಯನ್ನು ನೋಡುವ ಮೊದಲು ಅವನ ಹಳೆಯ ಚೀಟಿಯನ್ನು ನೋಡುತ್ತಾರೆ.

ಇದನ್ನು ನಾನು ಪುಸ್ತಕದಿಂದ ಮಾತ್ರ ಹೇಳುತ್ತಿಲ್ಲ. ನಾನು ಕನ್ನಡ ಎಂ.ಎ. ತರಗತಿಯಲ್ಲಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ಸೋದರತ್ತೆಯೊಬ್ಬರಿದ್ದರು. ಅವರಿಗೆ ಎಷ್ಟೋ ವರ್ಷಗಳಿಂದ ಚಿತ್ತಸ್ವಾಸ್ಥ್ಯವಿರಲಿಲ್ಲ. ಒಂದು ದಿನ, ಯಾರೋ ನನ್ನ ಹೊಟ್ಟೆಯಲ್ಲಿ ಕೆಂಡ ಇಟ್ಟಿದ್ದಾರೆ ಎಂದು ಹೇಳತೊಡಗಿದರು. ಹಿಂದೆ ಬಾವಿಯಲ್ಲಿ ವಿಷ ಬೆರೆಸಿದ್ದಾರೆಂದು ಹೇಳಿದವರೇ ಅಲ್ಲವೆ? ನಾವು ಅದನ್ನೂ ಅದೇ ಜಾತಿಯ ಮಾತೆಂದು ತಿಳಿದೆವು. ಬಂದ ವೈದ್ಯರೂ ಹಾಗೆಯೇ ತಿಳಿದು ನಿದ್ರೆಯ ಔಷಧವನ್ನು ಹೆಚ್ಚಿಸಿದರು. ಮೂರನೆಯ ದಿನ ಜಿಲ್ಲೆಯ ಆಸ್ಪತ್ರೆಗೆ ಸಾಗಿಸಿದಾಗ, ಜಠರದ ಹುಣ್ಣು ಒಡೆದು ಕಾಲ ಮಿಂಚಿತ್ತು. ಆ ದಿನಗಳಲ್ಲಿ ನಾನು ತರಗತಿಯಲ್ಲಿ ರೂಪಕಾಲಂಕಾರದ ಲಕ್ಷಣವನ್ನು ಓದುತ್ತಿದ್ದೆ. ಕವಿ ಎದೆಯಲ್ಲಿ ಬೆಂಕಿಯಿದೆಯೆಂದರೆ ಪುಟಗಟ್ಟಲೆ ಅರ್ಥ ಬಿಡಿಸಬಲ್ಲವನಾಗಿದ್ದ ನನಗೆ, ಮನೆಯ ಹೆಣ್ಣುಮಗಳು ಹೊಟ್ಟೆಯಲ್ಲಿ ಕೆಂಡವಿದೆಯೆಂದಾಗ ಅದು ನೋವಿನ ಮಾತೆಂದು ಹೊಳೆಯಲಿಲ್ಲ. ಅತ್ತೆ ಇದ್ದುದನ್ನು ಇದ್ದಂತೆ ಹೇಳಿದ್ದರು. ಕೇಳಿಸಿಕೊಳ್ಳಲು ಬಾರದವರು ನಾವು.

ಅಲ್ಲಿಂದ ಈಚೆಗೆ ತಿಳಿವಳಿಕೆ ಬೆಳೆದಿಲ್ಲವೆನ್ನಲಾಗದು. ಬೆಂಗಳೂರಿನಲ್ಲಿ 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯನ್ನೂ 1954ರಲ್ಲಿ ಆರಂಭವಾಗಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಕೂಡಿಸಿ ನಿಮ್ಹಾನ್ಸ್ ರೂಪುಗೊಂಡಾಗ, ಮನಸ್ಸಿನ ವೈದ್ಯವೂ ಮಿದುಳು ನರಗಳ ವೈದ್ಯವೂ ಒಂದೇ ಸೂರಿನಡಿ ನಿಂತುವು. ಮನಸ್ಸಿಗೂ ಮೈಗೂ ನಡುವೆ ನಾವು ಕಟ್ಟಿದ ಗೋಡೆ ಅಷ್ಟು ಗಟ್ಟಿಯದಲ್ಲ ಎಂಬುದಕ್ಕೆ ಅದೊಂದು ಸಾಕ್ಷಿ. 2017ರ ಮಾನಸಿಕ ಆರೋಗ್ಯ ರಕ್ಷಣೆಯ ಕಾಯಿದೆ ತನ್ನ 21ನೆಯ ಕಲಮಿನಲ್ಲಿ, ವೈದ್ಯಕೀಯ ಸೇವೆಗಳೆಲ್ಲದರಲ್ಲಿಯೂ ಮನೋರೋಗಿಯನ್ನು ಮೈಯ ರೋಗಿಗೆ ಸಮಾನವಾಗಿ ಕಾಣತಕ್ಕದ್ದೆಂದು ವಿಧಿಸಿದೆ. ತುರ್ತು ಚಿಕಿತ್ಸೆ, ಆಂಬುಲೆನ್ಸ್ ಸೇವೆಗಳನ್ನೂ ಹೆಸರಿಸಿದೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ರೋಗಿಗಳ ದೇಹಾರೋಗ್ಯಕ್ಕೆಂದೇ ಪ್ರತ್ಯೇಕ ಮಾರ್ಗದರ್ಶನವನ್ನು ಹೊರತಂದಿತು. ಕಾಯಿದೆ ಒಳ್ಳೆಯದು. ಆದರೆ ಮಿಲೆಜ್‌ವಿಲ್ ನಮಗೆ ಕಲಿಸುವಂತೆ, ತಿಳಿದ ಸತ್ಯ ದಿನನಿತ್ಯದ ತಟ್ಟೆಗೆ ಇಳಿಯದಿದ್ದರೆ ರೋಗ ಹಿಂತಿರುಗಿ ಬರುತ್ತದೆ.

ಗೋಲ್ಡ್‌ಬರ್ಗರ್ ಮಿಲೆಜ್‌ವಿಲ್ಲಿಗೆ ಹೋದಾಗ ಅವನ ಕೈಯಲ್ಲಿ ಹೊಸ ಯಂತ್ರವಿರಲಿಲ್ಲ, ಹೊಸ ಔಷಧವಿರಲಿಲ್ಲ. ರೋಗಿಯ ಮೈಯನ್ನು ನೋಡಿ, ದಾದಿಯ ಮೈಯನ್ನು ನೋಡಿ, ಇಬ್ಬರ ತಟ್ಟೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದನು. ಅಷ್ಟನ್ನು ಮಾಡಲು ವೈದ್ಯನೇ ಆಗಬೇಕೆಂದಿಲ್ಲ. ನಮ್ಮ ನಮ್ಮ ಮನೆಗಳಲ್ಲಿ, ಬೀದಿಯ ಮೂಲೆಗಳಲ್ಲಿ, ಗುಡಿಯ ಜಗಲಿಗಳ ಮೇಲೆ ಇಂಥವರು ಇದ್ದೇ ಇದ್ದಾರೆ. ಅವರ ಹಲ್ಲು ನೋಯುತ್ತಿದೆಯೆ, ಕಾಲಿನ ಹುಣ್ಣು ಮಾಯ್ದಿದೆಯೆ, ಕೆಮ್ಮು ಎಷ್ಟು ದಿನದ್ದು, ಇಂದು ಏನು ಉಂಡರು ಎಂದು ನಾವು ಕೇಳಬಹುದು. ಊಟ ಬಲ್ಲವನಿಗೆ ರೋಗವಿಲ್ಲವೆಂದ ಹಿರಿಯರು, ತನ್ನ ಊಟವನ್ನು ತಾನು ಆರಿಸಿಕೊಳ್ಳಲಾರದವನ ಪರವಾಗಿ ಆ ಬಲ್ಮೆಯನ್ನು ಹೊರಬೇಕಾದವರು ನಾವೇ ಎಂಬುದನ್ನು ಪ್ರಾಯಶಃ ಹೇಳುವ ಅಗತ್ಯವಿದೆಯೆಂದು ಭಾವಿಸಿರಲಿಲ್ಲ.